ಹಾಲು ಕರೆಯದ ಊರಿನಲ್ಲಿ

ವಿಲೋ ಸ್ಪರ್

ನಮ್ಮನ್ನು ಆ ಊರಿಗೆ ಕಳಿಸಿದ್ದೇ ಒಂದು ತಪ್ಪು ತಿಳಿವಳಿಕೆಯಿಂದ. ಹಳ್ಳಿಗಳಲ್ಲಿ ಹಸು ಸಾಕುವ ಹೆಂಗಸರನ್ನು ಹೊರದೇಶದ ರೈತರ ಮನೆಗಳಲ್ಲಿ ಎರಡು ವಾರ ಇರಿಸಿ, ಅಲ್ಲಿನ ಕಸುಬು ತೋರಿಸಿ ಕಳಿಸುವ ಏರ್ಪಾಡೊಂದಿತ್ತು. ನಮ್ಮ ಕಲ್ಯದ ಮಹಿಳಾ ಡೈರಿಯ ಅಧ್ಯಕ್ಷೆ ನನ್ನ ವಾರಗಿತ್ತಿ ಜಯಮ್ಮ. ಅವಳ ಹೆಸರು ಬಂತು. ಅವಳಿಗೆ ಇಂಗ್ಲಿಷ್ ಬಾರದು, ನಾನು ಮಾಗಡಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಮಾತು ದಾಟಿಸುವುದಕ್ಕೆ ಅಂತ ನಾನೂ ಜೊತೆಗೆ ಹೊರಟೆ.

ನಮ್ಮೊಡನೆ ಬಂದ ಉಳಿದವರನ್ನೆಲ್ಲ ಹಾಲಿನ ಫಾರಂಗಳಿಗೆ ಕಳಿಸಿದರು. ನಮ್ಮಿಬ್ಬರ ಹೆಸರಿನ ಮುಂದೆ ‘ದನ ಸಾಕುವವರು’ ಅಂತಿದ್ದುದನ್ನು ಯಾರೋ ಹೇಗೋ ಅರ್ಥ ಮಾಡಿಕೊಂಡು ಅಮೆರಿಕದ ವಯೋಮಿಂಗ್ ರಾಜ್ಯದ ವಿಲೋ ಸ್ಪರ್ ಎಂಬ ಊರಿನ ಒಂದು ರಾಂಚಿಗೆ ಹಾಕಿಬಿಟ್ಟಿದ್ದರು. ರಾಂಚ್ ಎಂದರೆ ಮಾಂಸಕ್ಕಾಗಿ ದನ ಬೆಳೆಸುವ ದೊಡ್ಡ ಹುಲ್ಲುಗಾವಲು. ಈ ವಿಷಯ ನನಗೆ ವಿಮಾನ ಇಳಿದ ಮೇಲೆ ತಿಳಿಯಿತು. ಜಯಕ್ಕನಿಗೆ ಹೇಳುವ ಧೈರ್ಯ ಆ ದಿನ ಬರಲಿಲ್ಲ.

ನಮ್ಮನ್ನು ಕರೆದೊಯ್ಯಲು ಬಂದವಳು ಎಡ್ನಾ. ಅರವತ್ತು ದಾಟಿದ್ದಳು, ಗಂಡಸರ ಟೋಪಿ, ಮಣ್ಣು ಮೆತ್ತಿದ ಬೂಟು, ಕಡ್ಡಿಯಂತೆ ನೆಟ್ಟಗಿನ ಬೆನ್ನು. ನಮ್ಮ ಪೆಟ್ಟಿಗೆಗಳನ್ನು ಹುಲ್ಲಿನ ಪೆಂಡಿಯ ಹಾಗೆ ಎತ್ತಿ ಪಿಕಪ್ ಗಾಡಿಯ ಹಿಂದಕ್ಕೆ ಎಸೆದಳು. ದಾರಿಯುದ್ದಕ್ಕೂ ಒಣಹುಲ್ಲಿನ ಬಯಲು. ಗುಡ್ಡವಿಲ್ಲ, ಮರವಿಲ್ಲ, ಕಣ್ಣಿಗೆ ತಡೆಯೇ ಇಲ್ಲ. ನಮ್ಮ ಮನೆಯ ಅಂಗಳದಲ್ಲಿ ನಿಂತರೆ ಸಾವನದುರ್ಗ ಯಾವ ಮಗ್ಗುಲಿಗಿದೆ ಎಂದು ನೋಡಿ ದಿಕ್ಕು ಹೇಳುವ ಜಯಕ್ಕ, ಗಾಡಿಯ ಕಿಟಕಿಗೆ ಹಣೆ ಹಚ್ಚಿ ಕೂತಳು.

“ದಿಕ್ಕೇ ತಿಳೀತಿಲ್ವಲ್ಲ ಶಾರ್ದಾ. ಇಲ್ಲಿ ದನ ಹೊಡ್ಕಂಡು ಹೋದೋರು ಮನೇಗೆ ಹೆಂಗೆ ವಾಪಸ್ ಬತ್ತಾರೆ?”

ಏನು ಕೇಳುತ್ತಿದ್ದಾಳೆ ಎಂದು ಎಡ್ನಾ ವಿಚಾರಿಸಿದಳು. ಹೇಳಿದೆ. ಅವಳು ಸ್ಟೀರಿಂಗಿನ ಮೇಲಿಂದ ಒಂದು ಬೆರಳೆತ್ತಿ ದೂರ ತೋರಿಸಿದಳು. ರೈಲು ಹಳಿ, ಒಂದು ಗೆರೆ ಎಳೆದ ಹಾಗೆ.

“ಅದನ್ನು ಹಿಡಿದು ಬಂದರೆ ಊರು ಸಿಗುತ್ತದೆ,” ಅಂದಳು. ಆಮೇಲೆ ಆ ಕಡೆ ಮತ್ತೆ ನೋಡಲಿಲ್ಲ.

ಅಂಗಡಿಯ ಹಾಲು

ಮಾರನೆಯ ಬೆಳಿಗ್ಗೆ ಎಡ್ನಾ ಕಾಫಿಗೆ ಪ್ಲಾಸ್ಟಿಕ್ ಕ್ಯಾನಿನಿಂದ ಹಾಲು ಬಗ್ಗಿಸಿದಳು. ಜಯಕ್ಕ ಕ್ಯಾನನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಇದು ಇವ್ರ ಮನೇದಾ?”

“ಅಲ್ಲಕ್ಕ, ಅಂಗಡೀದು.”

“ದನ ಎಷ್ಟು ಐತಂತೆ ಕೇಳು.”

ಮುನ್ನೂರರ ಮೇಲೆ ಎಂದು ಉತ್ತರ ಬಂತು. ಜಯಕ್ಕ ನನ್ನ ಮುಖ ನೋಡಿದಳು. “ಮುನ್ನೂರು ದನ ಕಟ್ಕಂಡು ಹಾಲ್ಗೆ ಅಂಗ್ಡೀಗೆ ಹೋಯ್ತಾರಾ? ಕರೆಯಾಕೆ ಬರಕಿಲ್ವಾ ಇವ್ಳಿಗೆ? ನಾನು ಕರ್ದು ಕೊಡ್ತೀನಿ ಯೋಳು.”

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ, ಹೇಳಿದೆ. ಅವಳು ಲೋಟವನ್ನು ನಿಧಾನಕ್ಕೆ ಕೆಳಗಿಟ್ಟಳು. ನಮ್ಮ ಮನೆಯಲ್ಲಿ ಕೋಳಿ, ಕುರಿ ತಿನ್ನುತ್ತೇವೆ, ಹಬ್ಬದ ಮಾರನೆಯ ದಿನ ಮಡಕೆ ತುಂಬ ಮಾಡುತ್ತೇವೆ. ಆದರೆ ದನ ಬೇರೆ. ದನಕ್ಕೆ ಹೆಸರಿರುತ್ತದೆ. ಸಂಕ್ರಾಂತಿಗೆ ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುತ್ತೇವೆ.

“ಎಲ್ಲಾನೂವಾ?” ಅಂದಳು.

“ಗಂಡು ಕರುಗಳನ್ನೆಲ್ಲ. ಹೆಣ್ಣು ಒಸಿ ಉಳಿಸ್ಕೋತಾರಂತೆ.”

“ನಡಿ, ವಾಪಸ್ ಹೋಗಾನ.”

ಹೇಗೆ ಹೋಗುವುದು? ಎಡ್ನಾಳಿಗೆ ನಮ್ಮ ಮಾತು ತಿಳಿಯದಿದ್ದರೂ ಮುಖ ತಿಳಿಯಿತು. ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತಳು. ಮೊಟ್ಟೆ, ಕೋಳಿ, ಹುರುಳಿಕಾಯಿ, ಒಂದು ಚೀಲ ಈರುಳ್ಳಿ. ದನದ್ದು ಒಂದು ಚೂರೂ ಇರಲಿಲ್ಲ. “ನೀವು ಇರುವವರೆಗೆ ಈ ಮನೆಯಲ್ಲಿ ಅದನ್ನು ಬೇಯಿಸುವುದಿಲ್ಲ,” ಅಂದಳು.

ಮೇಜಿನ ತುದಿಯಲ್ಲಿ ಕೂತಿದ್ದ ಅವಳ ಅಣ್ಣ ವಾಲ್ಟ್ ನಿಟ್ಟುಸಿರು ಬಿಟ್ಟ. “ಅಂದರೆ ಎರಡು ವಾರ ನನಗೆ ಉಪವಾಸ.”

ನಾನು ನಕ್ಕೆ. ಜಯಕ್ಕ ನಗಲಿಲ್ಲ. ಆದರೆ ಲೋಟ ಎತ್ತಿಕೊಂಡು ಕಾಫಿ ಕುಡಿದಳು.

ಇಬ್ಬರೂ ಮದುವೆಯಾಗದೆ ಉಳಿದ ಅಣ್ಣ ತಂಗಿ. ಎಡ್ನಾ ಅಪ್ಪನ ದನ ನೋಡಿಕೊಂಡಳು, ವಾಲ್ಟ್ ರೈಲ್ವೆಗೆ ಸೇರಿದ. ಈಗ ಅವನಿಗೆ ಕೆಲಸವಿಲ್ಲ. ಊರಿನ ಹಳೆಯ ಸ್ಟೇಷನ್ನನ್ನು ಮ್ಯೂಸಿಯಂ ಮಾಡಿಟ್ಟಿದ್ದಾರೆ, ಅದರ ಬೀಗದ ಕೈ ಅವನ ಹತ್ತಿರ ಇರುತ್ತದೆ. ನಡೆಯುವಾಗ ಎಡಗಾಲನ್ನು ಒಸಿ ಎಳೆದು ಹಾಕುತ್ತಿದ್ದ. ವಯಸ್ಸಾದವರಲ್ಲವೇ ಎಂದು ನಾವು ಏನೂ ಕೇಳಲಿಲ್ಲ.

ಆ ವಾರವೆಲ್ಲ ಎಡ್ನಾಳ ಹಿಂದೆ ಹುಲ್ಲುಗಾವಲು ಸುತ್ತಿದೆವು. ದನಗಳು ಕಪ್ಪಗೆ, ಕೊಂಬಿಲ್ಲದೆ, ಒಂದೊಂದೂ ಕಲ್ಲುಬಂಡೆಯ ಹಾಗೆ. ಜಯಕ್ಕ ನಾಲಿಗೆಯಲ್ಲಿ ಲೊಚಗುಟ್ಟುತ್ತ ಕೈ ಚಾಚಿದರೆ ಬಾಲ ಎತ್ತಿಕೊಂಡು ಓಡುತ್ತಿದ್ದವು. “ಮೈ ಸವರ್ಸ್ಕಳದ ದನ ದನವೇನಮ್ಮಿ?” ಎಂದು ಬೇಸರಪಟ್ಟಳು.

ಆದರೆ ಒಂದು ದಿನ ಗುಂಪಿನ ನಡುವೆ ಒಂದು ಕರು ತಲೆ ಕೆಳಗೆ ಹಾಕಿ ನಿಂತಿದ್ದನ್ನು ಎಡ್ನಾ ಅಷ್ಟು ದೂರದಿಂದಲೇ ಗುರುತಿಸಿದಳು. ಗಾಡಿ ನಿಲ್ಲಿಸಿ, ನಡೆದು ಹೋಗಿ, ಅದನ್ನು ಕೆಡವಿ, ಮೊಣಕಾಲಿನಲ್ಲಿ ಅದುಮಿ ಔಷಧಿ ಕೊಟ್ಟಳು. ಆಮೇಲೆ ಅದು ಏಳುವ ತನಕ ಆ ಚಳಿಗಾಳಿಯಲ್ಲಿ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತಿದ್ದಳು. ಸಂಜೆ ವಾಲ್ಟ್ ನಮಗೆ ಬಚ್ಚಲುಮನೆಯ ದೊಡ್ಡ ತೊಟ್ಟಿ ತೋರಿಸಿದ. ದನ ಈಯುವ ಕಾಲದಲ್ಲಿ ಇಲ್ಲಿ ಇನ್ನೂ ಹಿಮ ಬೀಳುತ್ತಿರುತ್ತದಂತೆ. ಹುಟ್ಟಿದ ಕರು ಮರಗಟ್ಟಿಹೋದರೆ ಎಡ್ನಾ ಅದನ್ನು ಹೊತ್ತು ತಂದು ಈ ತೊಟ್ಟಿಯ ಬಿಸಿನೀರಲ್ಲಿ ಮಲಗಿಸಿ ಬದುಕಿಸುತ್ತಾಳಂತೆ. “ನಾನು ಸ್ನಾನಕ್ಕೆ ಕಾಯಬೇಕು,” ಅಂದ.

ಜಯಕ್ಕ ತೊಟ್ಟಿಯ ಅಂಚನ್ನು ಕೈಯಿಂದ ಸವರಿದಳು. “ಮನೆ ಒಳ್ಗೆ ತಂದು ಬಿಸ್ನೀರು ಹುಯ್ದು ಬದುಕುಸ್ತಾರೆ. ಆಮೇಲೆ ಅದ್ನೇ ಕಳುಸ್ತಾರೆ. ಎಂಥಾ ಜನವೋ ಶಾರ್ದಾ, ನಂಗಂತೂ ತಿಳೀತಿಲ್ಲ.”

ಹಳೆಯ ಸ್ಟೇಷನ್

ವಾಲ್ಟ್ ನಮ್ಮನ್ನು ತನ್ನ ಮ್ಯೂಸಿಯಂಗೆ ಕರೆದೊಯ್ದ. ಹಳದಿ ಬಣ್ಣದ ಮರದ ಕಟ್ಟಡ, ಟಿಕೆಟ್ ಕಿಟಕಿ, ಗೋಡೆಗೆ ನಿಂತುಹೋದ ಗಡಿಯಾರ, ಒಲೆಯ ಸುತ್ತ ಬೆಂಚುಗಳು. ಹೊರಗೆ ಮುಖ್ಯ ಹಳಿಯಿಂದ ಕವಲೊಡೆದ ಒಂದು ತುಂಡು ಹಳಿ, ಹುಲ್ಲಿನಲ್ಲಿ ಮುಚ್ಚಿಹೋಗಿದೆ. ಸ್ಪರ್ ಎಂದರೆ ಅದೇ. ಊರಿಗೆ ಹೆಸರು ಬಂದದ್ದು ಅದರಿಂದ. ಅದರ ಪಕ್ಕ ಮರದ ಹಲಗೆಯ ದೊಡ್ಡಿಗಳು, ಗಾಡಿಗೆ ದನ ಹತ್ತಿಸುವ ಇಳಿಜಾರು. ಹಲಗೆಗಳು ಬೂದಿಬಣ್ಣಕ್ಕೆ ತಿರುಗಿ ಮುಟ್ಟಿದರೆ ಪುಡಿಯಾಗುತ್ತಿದ್ದವು.

ಹಿಂದೆ ಚಳಿಗಾಲಕ್ಕೆ ಮುಂಚೆ ಸುತ್ತಲಿನ ರಾಂಚುಗಳವರೆಲ್ಲ ದನಗಳನ್ನು ದಿನಗಟ್ಟಲೆ ನಡೆಸಿಕೊಂಡು ಇಲ್ಲಿಗೆ ಬರುತ್ತಿದ್ದರಂತೆ. ಊರು ಬೂಟಿನ ಸದ್ದಿನಿಂದ ತುಂಬುತ್ತಿತ್ತಂತೆ. ಹೋಟೆಲ್ ಇತ್ತು, ಕ್ಷೌರದಂಗಡಿ ಇತ್ತು, ಎರಡು ಚರ್ಚು, ಐದು ಶರಾಬಿನಂಗಡಿ. ಈಗ ಒಂದು ಪೆಟ್ರೋಲ್ ಬಂಕು, ಒಂದು ಅಂಚೆ ಕಚೇರಿ, ಒಂದು ಊಟದ ಜಾಗ.

“ಆಗ ಉಗಿ ಎಂಜಿನ್ನಿಗೆ ನೀರು ಬೇಕಿತ್ತು, ದನಕ್ಕೆ ರೈಲು ಬೇಕಿತ್ತು. ಅದಕ್ಕೇ ಊರು ಹುಟ್ಟಿತು,” ಅಂದ ವಾಲ್ಟ್. “ಆಮೇಲೆ ರೈಲಿಗೆ ನೀರು ಬೇಡವಾಯಿತು. ದನಕ್ಕೆ ಲಾರಿ ಬಂತು. ಊರಿಗೆ ಮಾತ್ರ ಯಾರೂ ಸುದ್ದಿ ತಿಳಿಸಲಿಲ್ಲ, ಇಲ್ಲೇ ಉಳಿದುಬಿಟ್ಟಿತು.”

ನಮ್ಮ ಕಡೆಯ ರೈಲು ನೆನಪಾಯಿತು. ಮಾಗಡಿಗೆ ರೈಲೇ ಇಲ್ಲ. ರೈಲು ಬೇಕೆಂದರೆ ನಾವು ರಾಮನಗರಕ್ಕೋ ಬೆಂಗಳೂರಿಗೋ ಹೋಗಬೇಕು. ಆದರೆ ರಾಮನಗರ, ಚನ್ನಪಟ್ಟಣದ ಸ್ಟೇಷನ್ನುಗಳಲ್ಲಿ ರೈಲು ನಿಂತಿತೆಂದರೆ ಅದು ಊರೊಳಗೇ ಬಂದ ಹಾಗೆ. ಕಡಲೆಕಾಯಿ, ಮದ್ದೂರುವಡೆ, ಹೂವಿನ ಬುಟ್ಟಿ, ಕಾಲೇಜಿಗೆ ಹೋಗುವವರು, ಆಫೀಸಿಗೆ ಹೋಗುವವರು, ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಇಲ್ಲಿ ರೈಲು ದಿನಕ್ಕೆ ಎಷ್ಟೋ ಸಲ ಬರುತ್ತದೆ. ಒಂದಕ್ಕೂ ಕಿಟಕಿಯಿಲ್ಲ. ಬರೀ ಕಲ್ಲಿದ್ದಲು, ಕಬ್ಬಿಣದ ಪೆಟ್ಟಿಗೆಗಳು. ಆದರೂ ಪ್ರತಿ ಗಾಡಿ ಬಂದಾಗಲೂ ವಾಲ್ಟ್ ಬಾಗಿಲಿಗೆ ಬಂದು ಕೈ ಎತ್ತುತ್ತಿದ್ದ. ಎಂಜಿನ್ನಿನವರು ಸಿಳ್ಳೆ ಹಾಕುತ್ತಿದ್ದರು.

“ಇವ್ನಿಗೆ ಇನ್ನೂ ಅದ್ರ ಮೇಲೇ ಪ್ರಾಣ,” ಅಂದಳು ಜಯಕ್ಕ.

ಗೇಟು

ಮಧ್ಯಾಹ್ನ ನಮ್ಮನ್ನು ಕರೆದೊಯ್ಯಲು ಎಡ್ನಾ ಬಂದಳು. ಅವಳು ಹಳಿ ದಾಟುವ ಮೊದಲೇ ಕಲ್ಲಿದ್ದಲಿನ ಗಾಡಿಯೊಂದು ಬಂತು. ಬಂದದ್ದು ಊರು ದಾಟಿ ಹೋಗಲಿಲ್ಲ. ನಿಧಾನಿಸಿ, ಕಿರುಗುಟ್ಟಿ, ರಸ್ತೆಯ ಗೇಟಿಗೆ ಅಡ್ಡಲಾಗಿ ನಿಂತುಬಿಟ್ಟಿತು. ಮುಂದೆ ಎಲ್ಲೋ ಎದುರು ಗಾಡಿಗೆ ದಾರಿ ಬಿಡಬೇಕಂತೆ. ತಲೆ ಎಲ್ಲಿ, ಬಾಲ ಎಲ್ಲಿ ಎಂದು ಎರಡೂ ಕಡೆ ಕಾಣದಷ್ಟು ಉದ್ದದ ಗಾಡಿ. ಆ ಮಗ್ಗುಲಲ್ಲಿ ಎಡ್ನಾ ತನ್ನ ಪಿಕಪ್ಪಿಗೆ ಒರಗಿ ನಿಂತದ್ದು ಎರಡು ಡಬ್ಬಿಗಳ ನಡುವಿನ ಸಂದಿನಲ್ಲಿ ಕಾಣುತ್ತಿತ್ತು. ಈ ಮಗ್ಗುಲಲ್ಲಿ ನಾನು ಮತ್ತು ಜಯಕ್ಕ. ವಾಲ್ಟ್ ಮ್ಯೂಸಿಯಂಗೆ ಬೀಗ ಹಾಕಲು ಹಿಂದಕ್ಕೆ ಹೋಗಿದ್ದ.

ಗಾಳಿ ಚುಚ್ಚುತ್ತಿತ್ತು. ಬಹಳ ಹೊತ್ತು ನಿಂತೆವು. ನಮ್ಮ ಹಿಂದೆ ಎರಡು ಕಾರು ಬಂದು ಎಂಜಿನ್ ಆರಿಸಿ ಕೂತವು. ಯಾರೂ ಹಾರ್ನ್ ಮಾಡಲಿಲ್ಲ, ಯಾರೂ ಇಳಿಯಲಿಲ್ಲ.

“ಇದೇನಮ್ಮಿ ಇವ್ರು ಹಿಂಗೆ ಕುಂತವ್ರೆ! ನಮ್ಮ ಚನ್ನಪಟ್ಟಣದಲ್ಲಾಗಿದ್ರೆ ಇಷ್ಟೊತ್ಗೆ ಅರ್ಧ ಊರೇ ದಾಟಿರೋದು,” ಅಂದಳು ಜಯಕ್ಕ.

ಅವಳ ತವರು ಬೈರಾಪಟ್ಟಣ. ಸಂತೆಗೆ, ಸಿನಿಮಾಕ್ಕೆ ಅಂತ ಚನ್ನಪಟ್ಟಣಕ್ಕೆ ಓಡಾಡಿ ಬೆಳೆದವಳು. ನಿಂತ ಗೂಡ್ಸ್ ಗಾಡಿಯ ಅಡಿಯಲ್ಲಿ ತೂರುವುದು, ಕೊಂಡಿಯ ಮೇಲೆ ಹತ್ತಿ ಇಳಿಯುವುದು ಅವಳಿಗೆ ಬೇಲಿ ದಾಟಿದ ಹಾಗೆ. ನಾನು ಬೇಡ ಅನ್ನುವುದರೊಳಗೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಬ್ಬಿಣದ ಹಿಡಿ ಹಿಡಿದು, ಎರಡು ಡಬ್ಬಿಗಳ ನಡುವಿನ ಕೊಂಡಿಯ ಮೇಲೆ ಕಾಲಿಟ್ಟಿದ್ದಳು.

ಹಿಂದಿನಿಂದ ವಾಲ್ಟ್ ಕೂಗಿದ. ಅವನ ಬಾಯಿಂದ ಅಂಥ ಕೂಗು ಬರಬಹುದೆಂದು ನಾನು ಎಣಿಸಿರಲಿಲ್ಲ. ಅದೇ ಹೊತ್ತಿಗೆ ಸಂದಿನ ಆ ಕಡೆಯಿಂದ ಎಡ್ನಾ ಓಡಿ ಬರುವುದು ಕಂಡಿತು. ಟೋಪಿ ಹಾರಿಹೋಗಿತ್ತು. ಬಂದವಳೇ ಎರಡೂ ಕೈ ಚಾಚಿ ಜಯಕ್ಕನ ಮುಂಗೈಗಳನ್ನು ಹಿಡಿದು, ಬಾವಿಯಿಂದ ಕೊಡ ಎಳೆಯುವ ಹಾಗೆ ತನ್ನ ಕಡೆಗೆ ಎಳೆದಳು. ಜಯಕ್ಕ ಮುಗ್ಗರಿಸಿದಳು. ಕೆಂಪು ಸೀರೆ ಒಂದು ಕ್ಷಣ ಕಂಡು, ಕಾಣದಾಯಿತು.

ಆಗ ಮುಂದಿನಿಂದ ಒಂದು ಸದ್ದು ಹೊರಟಿತು. ದಡ್, ದಡ್, ದಡ್ ಎಂದು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಾಯುತ್ತ, ನಮ್ಮ ಮುಂದೆ ಬಂದು, ಹಿಂದಕ್ಕೆ ಹೋಯಿತು. ಗಾಡಿ ಹೊರಟಿತ್ತು. ಸಿಳ್ಳೆ ಹಾಕಿರಲಿಲ್ಲ, ಅಥವಾ ಗಾಳಿಯಲ್ಲಿ ನಮಗೆ ಕೇಳಿಸಿರಲಿಲ್ಲ.

ನಾನು “ಅಕ್ಕಾ” ಎಂದು ಕಿರುಚಿದೆ. ಉತ್ತರವಿಲ್ಲ. ಡಬ್ಬಿಗಳು ಒಂದಾದಮೇಲೊಂದು ಸರಿಯತೊಡಗಿದವು. ಬರಬರುತ್ತ ಸಂದು ಎಷ್ಟು ಬೇಗ ಸರಿಯಿತೆಂದರೆ ಆ ಕಡೆಯದೇನೂ ಕಾಣಿಸಲಿಲ್ಲ. ಬಗ್ಗಿ ಚಕ್ರಗಳ ಅಡಿಯಲ್ಲಿ ನೋಡಲು ಹೋದೆ, ವಾಲ್ಟ್ ನನ್ನ ಸ್ವೆಟರ್ ಹಿಡಿದು ಹಿಂದಕ್ಕೆಳೆದ. ಅವನ ಮುಖದಲ್ಲಿ ರಕ್ತವಿರಲಿಲ್ಲ. ನನ್ನನ್ನು ಬಿಟ್ಟವನೇ ಜಲ್ಲಿಯ ಮೇಲೆ ಕೂತುಬಿಟ್ಟ. ನಾನೂ ಅವನ ಪಕ್ಕ ಕೂತೆ. ಗಾಡಿ ಹೋಗುತ್ತಲೇ ಇತ್ತು. ಮನೆಗೆ ಫೋನ್ ಮಾಡಿ ಭಾವನಿಗೆ ಏನೆಂದು ಹೇಳಲಿ ಎಂದು ಯೋಚಿಸಿದೆ. ಮನಸ್ಸು ಅಂಥ ಹೊತ್ತಿನಲ್ಲಿ ಅಷ್ಟು ದೂರ ಓಡುತ್ತದೆ. ಬೈರಾಪಟ್ಟಣದ ಅವಳ ತಾಯಿಯ ಮುಖ, ಊರಿನ ಜನ ಅಂಗಳದಲ್ಲಿ ಸೇರುವುದು, ಎಲ್ಲ ಕಣ್ಣ ಮುಂದೆ ಬಂತು.

ಕೊನೆಯ ಡಬ್ಬಿ ಸರಿಯಿತು. ಆ ಕಡೆ ಹಳಿಯಿಂದ ನಾಲ್ಕು ಮಾರು ದೂರದಲ್ಲಿ ಇಬ್ಬರು ಹೆಂಗಸರು ನೆಲದ ಮೇಲೆ ಕೂತಿದ್ದರು. ಎಡ್ನಾ ಇನ್ನೂ ಜಯಕ್ಕನ ಮುಂಗೈಗಳನ್ನು ಬಿಟ್ಟಿರಲಿಲ್ಲ.

ಓಡಿದೆ. ಜಯಕ್ಕನ ಕೈಯ ಗಾಜಿನ ಬಳೆಗಳೆಲ್ಲ ಒಡೆದು, ಮುಂಗೈಯಲ್ಲಿ ರಕ್ತ ಬಂದಿತ್ತು. ಎಡ್ನಾಳ ಅಂಗೈಯಲ್ಲೂ ರಕ್ತ. ನಾನು ಬಿಡಿಸಲು ಹೋದರೂ ಅವಳು ಬೆರಳು ಸಡಿಲಿಸಲಿಲ್ಲ. ವಾಲ್ಟ್ ಬಂದು ಅವಳ ಹೆಗಲ ಮೇಲೆ ಕೈಯಿಟ್ಟು ಏನೋ ಮೆಲ್ಲಗೆ ಹೇಳಿದ ಮೇಲೆ ಬಿಟ್ಟಳು. ಎದ್ದು, ಟೋಪಿ ಹುಡುಕಿಕೊಂಡು, ಹೋಗಿ ಪಿಕಪ್ಪಿನಲ್ಲಿ ಕೂತಳು. ನಮ್ಮ ಕಡೆ ನೋಡಲಿಲ್ಲ.

ಎಡ್ನಾಳ ಅಡುಗೆಮನೆ

ಜಯಕ್ಕನಿಗೆ ಮೊದಲು ಬಂದದ್ದು ಕೋಪ. ಮುತ್ತೈದೆಯ ಬಳೆ ಹೀಗೆ ಒಟ್ಟಿಗೆ ಒಡೆದದ್ದು ಅವಳನ್ನು ಪೆಟ್ಟಿಗಿಂತ ಹೆಚ್ಚು ಹೆದರಿಸಿತ್ತು. ಮನೆ ಸೇರಿದ ಕೂಡಲೇ ಕಲ್ಯಕ್ಕೆ ಫೋನ್ ಮಾಡಿಸಿದಳು. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಭಾವ ನಿದ್ದೆಗಣ್ಣಲ್ಲಿ, “ನಾನ್ ಚೆನ್ನಾಗಿವ್ನಿ ಕಣೆ, ನಂಗೇನಾಗೈತೆ? ನೀನ್ ಯಾಕೆ ಹಿಂಗೆ ಗಾಬ್ರಿ ಬಿದ್ದಿದ್ದೀಯೆ?” ಅಂದರು. ಆಮೇಲೇ ಅವಳಿಗೆ ಉಸಿರು ಬಂತು. ನನ್ನ ಬಳೆಗಳಲ್ಲಿ ಅರ್ಧ ತೆಗೆದು ಅವಳಿಗೆ ತೊಡಿಸಿದೆ. “ಒಸಿ ಮೆಲ್ಗೆ ಎಳೀಬೋದಿತ್ತು,” ಎಂದು ಗೊಣಗಿದಳು.

ಎಡ್ನಾ ಊಟಕ್ಕೆ ಕೂರಲಿಲ್ಲ. ನಮಗೆ ಬಡಿಸಿ, ಕೋಟು ಹಾಕಿಕೊಂಡು ದೊಡ್ಡಿಯ ಕಡೆ ಹೋದಳು. ವಾಲ್ಟ್ ಚಮಚ ಕೆಳಗಿಟ್ಟು, ಎಡಗಾಲಿನ ಪ್ಯಾಂಟು ಮೇಲೆತ್ತಿದ. ಮೊಣಕಾಲಿನ ಕೆಳಗೆ ಕಾಲಿರಲಿಲ್ಲ. ಕೃತಕ ಕಾಲು.

“ಅದೇ ಗೇಟು,” ಅಂದ. “ನಾನು ರೈಲ್ವೆಗೆ ಸೇರಿದ ಹೊಸದು. ಸಂಜೆ ಪಕ್ಕದೂರಿನಲ್ಲಿ ಕುಣಿತವಿತ್ತು. ಎಡ್ನಾ ಅಪ್ಪನ ಗಾಡಿ ತಂದು ಆ ಕಡೆ ನಿಂತಿದ್ದಳು, ಹೊಸ ಲಂಗ ಹಾಕಿಕೊಂಡು. ನಡುವೆ ಗೂಡ್ಸ್ ರೈಲು ನಿಂತಿತ್ತು. ಹೊತ್ತಾಗುತ್ತದೆ ಬಾ ಬಾ ಎಂದು ಕೈ ಬೀಸಿದಳು. ನಾನು ಹತ್ತಿದೆ.”

ನಾನು ಒಂದೊಂದೇ ಮಾತನ್ನು ಜಯಕ್ಕನಿಗೆ ಹೇಳುತ್ತ ಹೋದೆ.

“ಅವಳು ಕರೆಯದಿದ್ದರೂ ನಾನು ಹತ್ತುತ್ತಿದ್ದೆ. ರೈಲ್ವೆಯವರು ನಾವು ದಿನಾ ಹತ್ತುತ್ತಿದ್ದೆವು. ಇದನ್ನು ಎಷ್ಟೋ ಸಲ ಅವಳಿಗೆ ಹೇಳಿದ್ದೇನೆ. ಅವಳಿಗೆ ಕೇಳಿಸುವುದಿಲ್ಲ. ಅವತ್ತಿನಿಂದ ಆ ಗೇಟಿನ ಹತ್ತಿರ ಪಿಕಪ್ಪಿನಿಂದ ಇಳಿದವಳಲ್ಲ. ಇವತ್ತು ನಿಮಗಾಗಿ ಇಳಿದಿದ್ದಳು.”

ಜಯಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು ಶಾಲು ಹೊದ್ದಳು.

“ನಾನೂ ಬರ್ಲಾ ಅಕ್ಕ? ಮಾತಿಗೆ?”

“ಬೇಡ ಬುಡು. ಮಾತೇನೈತೆ.”

ಕಿಟಕಿಯಿಂದ ನೋಡಿದೆ. ದೊಡ್ಡಿಯ ಬಾಗಿಲಲ್ಲಿ ಎಡ್ನಾ ಬೆನ್ನು ತಿರುಗಿಸಿ ನಿಂತಿದ್ದಳು. ಜಯಕ್ಕ ಹೋಗಿ ಅವಳ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಜಯಕ್ಕನ ಕೈ ಗಾಳಿಯಲ್ಲಿ ಆಡುವುದು ಕಂಡಿತು, ಡೈರಿಯಲ್ಲಿ ಯಾರಾದರೂ ಹಾಲಿಗೆ ನೀರು ಬೆರೆಸಿ ತಂದಾಗ ಆಡುವ ಹಾಗೆ. ಎಡ್ನಾ ಮುಖ ಮುಚ್ಚಿಕೊಂಡಳು. ಇಬ್ಬರೂ ಒಳಗೆ ಬರುವಾಗ ಕತ್ತಲಾಗಿತ್ತು. ಎಡ್ನಾ ಬಂದವಳೇ ತಟ್ಟೆ ಹಾಕಿಕೊಂಡು ಉಂಡಳು.

“ಏನಕ್ಕ ಮಾತಾಡಿದ್ರಿ?” ಎಂದು ಮಲಗುವಾಗ ಕೇಳಿದೆ.

“ಏನ್ ಮಾತಾಡದು? ಅವ್ಳು ಅವ್ಳ ಭಾಷೇಲಿ ಅತ್ಲು. ನಾನು ನಮ್ ಭಾಷೇಲಿ ಬೈದೆ.”

“ಬೈದ್ಯಾ?”

“ಹೂಂ. ಅಣ್ಣ ಬದ್ಕವ್ನೆ, ಕಣ್ಮುಂದೆ ಓಡಾಡ್ಕಂಡವ್ನೆ, ರೈಲ್ಗೆ ಕೈ ಬೀಸ್ತಾನೆ, ನಗ್ತಾನೆ. ನೀನ್ಯಾಕೆ ಸತ್ತೋಳಂಗೆ ಇದ್ದೀಯೆ ಅಂತ ಬೈದೆ. ನಂಗೂ ಬಯ್ಯಿ ಅಂದೆ, ನಂದೂ ತಪ್ಪೈತಲ್ಲ. ಅವ್ಳೂ ಏನೋ ಬೈದ್ಲು. ಸರಿ ಹೋಯ್ತು.”

ಕರು ಅಗಲಿಸುವ ದಿನ

ಆಮೇಲೆ ಇಬ್ಬರೂ ನನ್ನನ್ನು ಕಾಯದೆ ತಿರುಗಾಡತೊಡಗಿದರು. ಬೇಲಿ ರಿಪೇರಿಗೆ ಜಯಕ್ಕ ತಂತಿ ಹಿಡಿದಳು. ಎಡ್ನಾ ಅವಳನ್ನು ‘ಜಾಯಮಾ’ ಎಂದು ಕರೆದಳು. ನಾನು ದುಭಾಷಿ ಕೆಲಸ ಕಳೆದುಕೊಂಡು ವಾಲ್ಟನ ಜೊತೆ ಇಸ್ಪೀಟಾಡಿದೆ.

ಹೊರಡುವ ದಿನ ಹತ್ತಿರವಾದಾಗ ಕರುಗಳನ್ನು ತಾಯಿಯಿಂದ ಅಗಲಿಸುವ ದಿನ ಬಂತು. ನೆರೆಯ ರಾಂಚಿನವರು ಕುದುರೆಯ ಮೇಲೆ ಬಂದರು. ಮಧ್ಯಾಹ್ನದ ಹೊತ್ತಿಗೆ ತಾಯಿಗಳೆಲ್ಲ ಬೇಲಿಯ ಒಂದು ಕಡೆ, ಕರುಗಳೆಲ್ಲ ಇನ್ನೊಂದು ಕಡೆ. ಆಮೇಲೆ ಶುರುವಾಯಿತು ಕೂಗು. ನೂರಾರು ತಾಯಿಗಳು ಒಟ್ಟಿಗೆ ಕೂಗುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಿಟಕಿಯ ಗಾಜು ನಡುಗುತ್ತಿತ್ತು. ನೆರೆಯವರು ಊಟ ಮಾಡಿ, ಕಿವಿಗೆ ಬೀಳದವರ ಹಾಗೆ ಮಾತಾಡಿ, ಹೊರಟುಹೋದರು.

ಜಯಕ್ಕ ಬೇಲಿಯ ಹತ್ತಿರ ಹೋಗಿ ನಿಂತಳು. ಎಡ್ನಾ ಅವಳ ಪಕ್ಕ ಹೋಗಿ ನಿಂತಳು. ನಾನೂ ಹೋದೆ.

“ಮೂರು ದಿನ ಹೀಗೇ ಕೂಗುತ್ತವೆ,” ಅಂದಳು ಎಡ್ನಾ. “ಆಮೇಲೆ ಸುಮ್ಮನಾಗುತ್ತವೆ. ಸುಮ್ಮನಾಗುವುದು ನನಗೆ ಇದಕ್ಕಿಂತ ಕಷ್ಟ.” ನಮ್ಮ ಕಡೆ ತಿರುಗಿ ಕೇಳಿದಳು, “ನಿಮ್ಮಲ್ಲಿ ಗಂಡು ಕರುಗಳನ್ನು ಏನು ಮಾಡುತ್ತೀರಿ?”

ನಾನು ಹೇಳತೊಡಗಿದೆ. ನಮ್ಮಲ್ಲಿ ಹೋರಿಗಳನ್ನು ಉಳುವುದಕ್ಕೆ ಕಟ್ಟುತ್ತೇವೆ, ಗಾಡಿಗೆ ಹೂಡುತ್ತೇವೆ, ಹಬ್ಬದಲ್ಲಿ ಪೂಜೆ ಮಾಡುತ್ತೇವೆ, ಜಾತ್ರೆಗಳಲ್ಲಿ ಹಳ್ಳಿಕಾರ್ ಜೋಡಿಗಳನ್ನು ಮೆರೆಸುತ್ತೇವೆ. ಹೊರದೇಶದವರ ಮುಂದೆ ಇಂಥ ಮಾತು ತಾನೇ ತಾನಾಗಿ ಬರುತ್ತದೆ, ಸೊಗಸಾಗಿಯೂ ಬರುತ್ತದೆ.

“ಏನ್ ಯೋಳ್ತಾ ಇದ್ದೀಯೆ?” ಅಂದಳು ಜಯಕ್ಕ.

ಹೇಳಿದೆ.

“ಅದು ನಮ್ಮಪ್ಪನ ಕಾಲ್ದಲ್ಲಿ, ನಾಟಿ ಹಸ ಇದ್ದಾಗ. ಈಗ ನಮ್ಮ ಡೈರೀಲಿ ಇರೋವೆಲ್ಲ ಸೀಮೆ ಹಸ. ಅದ್ರ ಗಂಡು ಕರ ಬಿಸ್ಲಲ್ಲಿ ಉಳಾಕಾಯ್ತದಾ? ಯಾರ್ ಮನೇಲಿ ಕಟ್ಟವ್ರೆ? ಹುಟ್ಟಿ ನಾಕು ವಾರಕ್ಕೆ ದಳ್ಳಾಳಿ ಬತ್ತಾನೆ, ಹಗ್ಗ ಬಿಚ್ಚಿ ಕೊಟ್ಬುಟ್ಟು ಒಳೀಕೆ ಬತ್ತೀವಿ. ಎಲ್ಲಿಗೆ ಅಂತ ಕೇಳಾಕಿಲ್ಲ. ಕೇಳುದ್ರೆ ಗೊತ್ತಾಗ್ಬುಡ್ತದಲ್ಲ, ಅದ್ಕೇ ಕೇಳಾಕಿಲ್ಲ. ಅದ್ನ ಯೋಳು ಇವ್ಳಿಗೆ.”

ನನಗೆ ಮುಖ ಬಿಸಿಯಾಯಿತು. ಅಕ್ಕ ಹೇಳಿದ್ದನ್ನು ಇದ್ದ ಹಾಗೆ ಹೇಳಿದೆ. ನಮ್ಮ ಮನೆಯ ಕೊಟ್ಟಿಗೆಯಿಂದ ಹೋದ ಕರುಗಳು ನೆನಪಾದವು. ಅವುಗಳಲ್ಲಿ ಒಂದಕ್ಕೂ ನಾವು ಹೆಸರಿಟ್ಟಿರಲಿಲ್ಲ. ಹೆಣ್ಣಾದರೆ ಅವತ್ತೇ ಗೌರಿ, ಲಕ್ಷ್ಮಿ. ಗಂಡಾದರೆ ಬರೀ ಕರು.

ಎಡ್ನಾ ನಮ್ಮನ್ನು ಆಕ್ಷೇಪಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ನನ್ನ ಅಪ್ಪ ದನದ ಜೊತೆ ಸ್ಪರ್ ತನಕ ನಡೆಯುತ್ತಿದ್ದ. ತಾನೇ ಹತ್ತಿಸುತ್ತಿದ್ದ. ರೈಲು ಕಣ್ಮರೆಯಾಗುವ ತನಕ ಅಲ್ಲೇ ನಿಂತಿರುತ್ತಿದ್ದ,” ಅಂದಳು. “ನಾನು ಲಾರಿಯ ತನಕ ಹೋಗುತ್ತೇನೆ. ಅದರಿಂದ ಕರುವಿಗೇನೂ ಆಗುವುದಿಲ್ಲ. ಗೊತ್ತು.”

ಲಾರಿಗಳು ಬಂದ ಬೆಳಿಗ್ಗೆ ಹಿಮದ ಪುಡಿ ಬೀಳುತ್ತಿತ್ತು. ಎಡ್ನಾ ಇಳಿಜಾರಿನ ಬುಡದಲ್ಲಿ ನಿಂತು ಒಂದೊಂದೇ ಕರುವನ್ನು ಕೈಯಿಂದ ತಟ್ಟಿ ಹತ್ತಿಸಿದಳು. ಕೂಗಲಿಲ್ಲ, ಕೋಲು ಎತ್ತಲಿಲ್ಲ. ಔಷಧಿ ಕುಡಿಸಿದ್ದ ಆ ಕರು ಬಂದಾಗ ಅದರ ಬೆನ್ನ ಮೇಲೆ ಕೈ ಒಂದು ಗಳಿಗೆ ಹೆಚ್ಚು ನಿಂತಿತು, ಅಷ್ಟೆ. ಜಯಕ್ಕ ಬರುವುದಿಲ್ಲ ಎಂದುಕೊಂಡಿದ್ದೆ. ಶಾಲನ್ನು ತಲೆಗೆ ಸುತ್ತಿಕೊಂಡು ಬಂದಳು. ಕೊನೆಯ ಲಾರಿಯ ಬಾಗಿಲು ಮುಚ್ಚುವ ತನಕ ಎಡ್ನಾಳ ಪಕ್ಕದಲ್ಲೇ ನಿಂತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ನಮ್ಮನ್ನು ವಿಮಾನಕ್ಕೆ ಬಿಟ್ಟು ಹೊರಡುವಾಗ ಎಡ್ನಾ ಜಯಕ್ಕನ ಮುಂಗೈಯನ್ನು ಮೆತ್ತಗೆ ಹಿಡಿದು, ಗಾಯ ಮಾಗಿದೆಯೇ ಎಂದು ತಿರುಗಿಸಿ ನೋಡಿ, ಬಿಟ್ಟಳು.

ಕಲ್ಯ

ಊರಿಗೆ ಬಂದ ಮೇಲೆ ಡೈರಿಯ ಹೆಂಗಸರು ಅಮೆರಿಕದ ಹಸು ಎಷ್ಟು ಲೀಟರ್ ಕೊಡುತ್ತದೆ ಎಂದು ಕೇಳಿದರು. “ನಾವ್ ಹೋದ ಊರಲ್ಲಿ ಕರೆಯಾಕಿಲ್ಲ,” ಎಂದು ಜಯಕ್ಕ ಹೇಳಿದರೆ ಯಾರೂ ನಂಬಲಿಲ್ಲ. ಉಳಿದದ್ದನ್ನು ಅವಳು ಹೇಳಲಿಲ್ಲ.

ಬೇಸಿಗೆಯಲ್ಲಿ ನಮ್ಮ ಸೀಮೆ ಹಸು ಗಂಡು ಕರು ಹಾಕಿತು. ಯಾವಾಗಿನ ಹಾಗೆ ದಳ್ಳಾಳಿ ಬಂದ. ಜಯಕ್ಕ ಹಗ್ಗ ಬಿಚ್ಚಿದಳು, ಕೊಡಲಿಲ್ಲ.

“ಎಲ್ಲಿಗೆ ಒಯ್ತೀಯಪ್ಪ ಇದ್ನ?”

ಅವನು ಭಾವನ ಮುಖ ನೋಡಿದ. “ಅದ್ಯಾಕವ್ವ ಈಗ? ಯಾವತ್ತೂ ಕೇಳ್ದೋಳಲ್ಲ.”

“ಕೇಳ್ಬೇಕು ಅನ್ನುಸ್ತು. ಯೋಳು.”

ಅವನು ಹೇಳಿದ. ಮೊದಲು ಸುತ್ತಿ ಬಳಸಿ, ಅವಳು ಬಿಡದಿದ್ದಾಗ ನೇರವಾಗಿ. ಜಯಕ್ಕ ಪೂರ್ತಿ ಕೇಳಿದಳು. ಆ ಕರುವನ್ನು ಕೊಡಲಿಲ್ಲ. ಮನೆಯಲ್ಲಿ ದೊಡ್ಡ ಮಾತಾಯಿತು. ಇದ್ದ ಹುಲ್ಲು ಹಾಲು ಕೊಡುವ ಹಸುಗಳಿಗೇ ಸಾಲದು, ಇದನ್ನು ಕಟ್ಟಿಕೊಂಡು ಏನು ಮಾಡುವುದು ಎಂದು ಭಾವ ರೇಗಿದರು. ಅವರು ಹೇಳಿದ್ದೂ ಸುಳ್ಳಲ್ಲ. ಅದು ಬೆಳೆದು ಈಗ ಹುಲ್ಲಿನ ಗಾಡಿ ಎಳೆಯುತ್ತದೆ, ಬಿಸಿಲೇರಿದರೆ ನಾಲಿಗೆ ಹಾಕಿ ನಿಂತುಬಿಡುತ್ತದೆ.

ಮಾರನೆಯ ವರ್ಷ ಇನ್ನೊಂದು ಗಂಡು ಕರು ಹುಟ್ಟಿತು. ಅದನ್ನು ಇಟ್ಟುಕೊಳ್ಳಲಾಗಲಿಲ್ಲ. ಜಯಕ್ಕ ಯಾರ ಮೇಲೂ ಕೂಗಾಡಲಿಲ್ಲ. ಹಗ್ಗವನ್ನು ದಳ್ಳಾಳಿಯ ಕೈಗೆ ಕೊಡದೆ ತಾನೇ ಹಿಡಿದು, ಕೇರಿಯ ಹೆಂಗಸರೆಲ್ಲ ನೋಡುತ್ತಿದ್ದಂತೆ ರಸ್ತೆಯ ತನಕ ನಡೆದಳು. ವ್ಯಾನಿಗೆ ತಾನೇ ಎತ್ತಿ ಹತ್ತಿಸಿದಳು. ಅದು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು ಬಂದಳು.

ಸಂಜೆ ತಾಯಿ ಹಸು ಕೂಗತೊಡಗಿತು. ಎರಡು ದಿನ ಕೂಗಿ ಸುಮ್ಮನಾಗುತ್ತದೆ ಎಂದು ನಾವೆಲ್ಲ ಒಳಗೆ ಟೀವಿಯ ಸದ್ದು ಜಾಸ್ತಿ ಮಾಡಿ ಕೂರುವುದು ರೂಢಿ. ಜಯಕ್ಕ ಚಾಪೆ ಎತ್ತಿಕೊಂಡು ಕೊಟ್ಟಿಗೆಗೆ ಹೊರಟಳು.

“ಅಲ್ಲಿ ಹೋಗಿ ಏನೇ ಮಾಡ್ತೀಯೆ?” ಎಂದು ಭಾವ ಕೇಳಿದರು.

“ಏನೂ ಇಲ್ಲ. ಅದು ಕೂಗ್ತಾ ಐತೆ,” ಅಂದಳು. “ಯಾರಾದ್ರೂ ಕೇಳುಸ್ಕಬೇಕಲ್ಲ.”